‘ಹೆಲ್ಮೆಟ್ ಧರಿಸಿರಲಿಲ್ಲ’: ಗಡಿನಾಡಿನ ಅಪಘಾತ ಪರಿಹಾರದ ಕಡತದಲ್ಲಿ ಒಂದು ಸಾಲಿನ ಚರಿತ್ರೆ

 

ಕನ್ನಡ ಸಾಹಿತ್ಯ ಓದುವವರಿಗೆ ಬೈಕು ಅಪಘಾತದ ಕೇಸು ಯಾಕೆ ಅಂತ ನೀವು ಕೇಳಬಹುದು. ಗಡಿನಾಡಿನ ಸಾಮಾನ್ಯ ಮನುಷ್ಯನ ಬದುಕು ಬರಹಕ್ಕೆ ಇಳಿಯುವ ಜಾಗಗಳು ಬಹಳ ಇಲ್ಲ. ಶಾಲೆಯ ದಾಖಲಾತಿ, ಜಾಗದ ದಸ್ತಾವೇಜು, ಪಡಿತರ ಚೀಟಿ, ಆಮೇಲೆ ಏನಾದರೂ ಎಡವಟ್ಟಾದರೆ ಕೋರ್ಟಿನ ಕಡತ. ಶಾಸನ ಓದುವಾಗ ನಾವು ಕೇಳುವ ಪ್ರಶ್ನೆಗಳನ್ನೇ ಈ ಕಡತಕ್ಕೂ ಕೇಳಬಹುದು: ಇದನ್ನು ಯಾರು ಬರೆದರು, ಯಾರ ಮಾತು ಕೇಳಿ ಬರೆದರು, ಯಾವ ಭಾಷೆಯಲ್ಲಿ ಬರೆದರು?

ಇವತ್ತು ಅಂಥ ಕಡತದ ಒಂದೇ ಸಾಲನ್ನು ಹಿಡಿದು ಮಾತಾಡುತ್ತೇನೆ. ‘ಸವಾರನು ಹೆಲ್ಮೆಟ್ ಧರಿಸಿರಲಿಲ್ಲ.’ ಈ ಸಾಲು ಇದ್ದರೆ ಗಾಯಾಳುವಿಗೆ ಸಿಗುವ ಪರಿಹಾರ ಕಡಿಮೆಯಾಗುತ್ತದಾ? ‘ಹೆಲ್ಮೆಟ್ ಇರಲಿಲ್ಲ ಅಲ್ಲವಾ, ಇನ್ನು ಕ್ಲೇಮು ಎಲ್ಲಿ ಸಿಗುತ್ತದೆ’ ಅಂತ ಊರಲ್ಲಿ ಹೇಳುವವರಿದ್ದಾರೆ. ಈ ಮಾತು ನಂಬಿ ಅರ್ಜಿ ಹಾಕದೆ ಕೂತರೆ ಕಾನೂನು ಕೊಡುವ ಹಕ್ಕು ಕೈತಪ್ಪಿ ಹೋಗುತ್ತದೆ. ಕಾನೂನಿನ ಚರಿತ್ರೆ ನೋಡಿದರೆ ಆ ಮಾತು ಪೂರ್ತಿ ನಿಜವಲ್ಲ, ಪೂರ್ತಿ ಸುಳ್ಳೂ ಅಲ್ಲ. ನನ್ನ ವಾದ ಇಷ್ಟು: ಹೆಲ್ಮೆಟ್ ಇಲ್ಲದ್ದಕ್ಕೆ ದಂಡ ಒಂದು ಲೆಕ್ಕ, ಅಪಘಾತ ಯಾರಿಂದ ಆಯಿತು ಅನ್ನುವುದು ಎರಡನೆಯ ಲೆಕ್ಕ, ಗಾಯ ಯಾಕೆ ಅಷ್ಟು ದೊಡ್ಡದಾಯಿತು ಅನ್ನುವುದು ಮೂರನೆಯ ಲೆಕ್ಕ. ಈ ಮೂರನ್ನು ಬೇರೆ ಬೇರೆ ಇಟ್ಟರೆ ಮಾತ್ರ ನ್ಯಾಯ. ಗಡಿನಾಡಿನಲ್ಲಿ ಹೀಗೆ ಬೇರೆ ಇಡುವುದು ಇನ್ನಷ್ಟು ಕಷ್ಟ. ಯಾಕೆಂದರೆ ಕಡತದ ಭಾಷೆ ಗಾಯಾಳುವಿನ ಭಾಷೆಯಲ್ಲ.

ಹೆಲ್ಮೆಟ್ ಕರ್ತವ್ಯವಾದದ್ದು ಹೇಗೆ

ಹೆಲ್ಮೆಟ್ಟಿನ ವೈದ್ಯಕೀಯ ಚರಿತ್ರೆ ಹೇಳುವವರು ಸಾಮಾನ್ಯವಾಗಿ ಹ್ಯೂ ಕೇರ್ನ್ಸ್ ಎಂಬ ಮೆದುಳು ಶಸ್ತ್ರಚಿಕಿತ್ಸಕನಿಂದ ಶುರು ಮಾಡುತ್ತಾರೆ. ‘ಲಾರೆನ್ಸ್ ಆಫ್ ಅರೇಬಿಯಾ’ ಎಂದು ಹೆಸರಾಗಿದ್ದ ಟಿ. ಇ. ಲಾರೆನ್ಸ್ 1935ರ ಮೇ ತಿಂಗಳಲ್ಲಿ ಇಂಗ್ಲೆಂಡಿನಲ್ಲಿ ಮೋಟಾರ್ ಸೈಕಲ್ಲಿನಿಂದ ಬಿದ್ದು, ತಲೆಗೆ ಪೆಟ್ಟಾಗಿ, ಆರು ದಿನಗಳ ನಂತರ ತೀರಿಕೊಂಡ. ಅವನನ್ನು ನೋಡಿದ ವೈದ್ಯರಲ್ಲಿ ಕೇರ್ನ್ಸ್ ಒಬ್ಬ. ಮೋಟಾರ್ ಸೈಕಲ್ ಸವಾರರ ತಲೆ ಗಾಯಗಳ ಬಗ್ಗೆ, ಹೆಲ್ಮೆಟ್ಟಿನ ಅಗತ್ಯದ ಬಗ್ಗೆ ಅವನು 1941ರಲ್ಲಿ ಪ್ರಬಂಧ ಪ್ರಕಟಿಸಿದ. ಆದರೂ ಬ್ರಿಟನ್ನಿನಲ್ಲಿ ಜನಸಾಮಾನ್ಯರಿಗೆ ಹೆಲ್ಮೆಟ್ ಕಡ್ಡಾಯವಾದದ್ದು 1973ರಲ್ಲಿ. ಅಂದರೆ ವೈದ್ಯರಿಗೆ ಗೊತ್ತಾದದ್ದು ಕಾನೂನಾಗಲು ಮೂವತ್ತು ವರ್ಷಕ್ಕಿಂತ ಹೆಚ್ಚು ಬೇಕಾಯಿತು.

ನಮ್ಮಲ್ಲಿ 1939ರ ಮೋಟಾರು ವಾಹನ ಕಾಯ್ದೆಗೆ 1977ರ ತಿದ್ದುಪಡಿಯಲ್ಲಿ ತಲೆಗಾಪಿನ ಕಲಮು ಸೇರಿತು. ಇದರ ಮುಂದಿನ ಹೆಜ್ಜೆಗೆ ನಮ್ಮ ಗಡಿನಾಡಿನ ನಂಟಿದೆ. ಆಂಧ್ರಪ್ರದೇಶದ ಮೋಟಾರು ವಾಹನ ನಿಯಮಗಳಲ್ಲಿದ್ದ ಹೆಲ್ಮೆಟ್ ನಿಯಮವನ್ನು ಪ್ರಶ್ನಿಸಿ ಒಬ್ಬರು ಸುಪ್ರೀಂ ಕೋರ್ಟಿಗೆ ಹೋದರು. ಅದೇ ಅಜಯ್ ಕಾನು ಪ್ರಕರಣ. ದೇಶದಲ್ಲಿ ಸ್ವತಂತ್ರವಾಗಿ ಓಡಾಡುವ ಹಕ್ಕಿಗೆ ಇದು ಅಡ್ಡಿ ಅನ್ನುವುದು ವಾದ. 1988ರಲ್ಲಿ ಕೋರ್ಟು ಆ ವಾದವನ್ನು ಒಪ್ಪಲಿಲ್ಲ. ಸವಾರನ ಸುರಕ್ಷತೆಗಾಗಿ ಇರುವ ನಿಯಮ ಹಕ್ಕಿಗೆ ಅಡ್ಡಿಯಲ್ಲ ಅಂದಿತು. ಆದೋನಿ, ರಾಯದುರ್ಗ, ಮಡಕಶಿರಾದ ಕನ್ನಡಿಗರು ಆಗ ಬದುಕುತ್ತಿದ್ದದ್ದು ಇದೇ ನಿಯಮದ ಕೆಳಗೆ.

ಅದೇ ವರ್ಷ ಹೊಸ ಮೋಟಾರು ವಾಹನ ಕಾಯ್ದೆ ಬಂತು, 1989ರ ಜುಲೈ 1ರಿಂದ ಜಾರಿಯಾಯಿತು. ಅದರ 129ನೆಯ ಕಲಮು ಓಡಿಸುವವನಿಗೂ ಹಿಂದೆ ಕೂತವನಿಗೂ ಹೆಲ್ಮೆಟ್ ಬೇಕು ಅನ್ನುತ್ತದೆ. ಪೇಟ ಧರಿಸಿದ ಸಿಖ್ಖರಿಗೆ ವಿನಾಯಿತಿ ಇದೆ. ಉಳಿದ ವಿನಾಯಿತಿಗಳನ್ನು ರಾಜ್ಯಗಳು ನಿಯಮ ಮಾಡಿ ಕೊಡಬಹುದಿತ್ತು. ಹಾಗಾಗಿ ಕಾಯ್ದೆ ಒಂದೇ ಆದರೂ ರಸ್ತೆಯ ಮೇಲಿನ ಜಾರಿ ರಾಜ್ಯಕ್ಕೊಂದು ತರಹ ಆಯಿತು. ತಮಿಳುನಾಡಿನಲ್ಲಿ ಮದ್ರಾಸ್ ಹೈಕೋರ್ಟಿನ ಆದೇಶದ ಮೇಲೆ 2015ರ ಜುಲೈ 1ರಿಂದ ಬಿಗಿ ಜಾರಿ ಬಂತು. ಹಿಂಬದಿ ಸವಾರರಿಗೂ ಹೆಲ್ಮೆಟ್ ಅನ್ನುವುದನ್ನು ಕರ್ನಾಟಕ ಜಾರಿಗೆ ತಂದದ್ದು 2016ರ ಜನವರಿಯಲ್ಲಿ, ಕೇರಳ ತಂದದ್ದು 2019ರ ಡಿಸೆಂಬರಿನಲ್ಲಿ. ನಡುವಿನ ಸುಮಾರು ನಾಲ್ಕು ವರ್ಷ ಮಂಗಳೂರಿನಿಂದ ಮಂಜೇಶ್ವರಕ್ಕೆ ಒಂದೇ ಬೈಕಿನಲ್ಲಿ ಬರುವ ಇಬ್ಬರಲ್ಲಿ ಹಿಂದೆ ಕೂತವರಿಗೆ ತಲಪಾಡಿಯ ಆಚೆಗೊಂದು ರೂಢಿ, ಈಚೆಗೊಂದು ರೂಢಿ.

ಹೆಲ್ಮೆಟ್ಟಿನಿಂದ ಪ್ರಯೋಜನ ಇದೆಯಾ ಅನ್ನುವುದು ಚರ್ಚೆಯ ವಿಷಯವಲ್ಲ. ಹಲವು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದ 2008ರ ಕಾಕ್ರೇನ್ ಸಮೀಕ್ಷೆಯ ಪ್ರಕಾರ ಹೆಲ್ಮೆಟ್ ಸಾವಿನ ಅಪಾಯವನ್ನು ಶೇಕಡಾ 42ರಷ್ಟು, ತಲೆ ಗಾಯದ ಅಪಾಯವನ್ನು ಶೇಕಡಾ 69ರಷ್ಟು ತಗ್ಗಿಸುತ್ತದೆ. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವರದಿಯಂತೆ 2022ರಲ್ಲಿ ಹೆಲ್ಮೆಟ್ ಇಲ್ಲದೆ ಸತ್ತವರು 50,029. ಅವರಲ್ಲಿ 14,337 ಜನ ಹಿಂದೆ ಕೂತವರು. ಹೆಲ್ಮೆಟ್ ಹಾಕಿಕೊಳ್ಳಲೇಬೇಕು. ಹಾಕಿಕೊಳ್ಳದವನ ಪರಿಹಾರ ಏನಾಗಬೇಕು ಅನ್ನುವುದು ಅದಕ್ಕಿಂತ ಬೇರೆ ಪ್ರಶ್ನೆ.

ತಪ್ಪನ್ನು ಪಾಲು ಮಾಡುವ ಲೆಕ್ಕ

ಇಂಗ್ಲಿಷ್ ಕಾನೂನಿನ ಹಳೆಯ ಸೂತ್ರ ಬಹಳ ಕಠಿಣವಾಗಿತ್ತು. ಗಾಯಾಳುವಿನದ್ದೂ ಚೂರು ತಪ್ಪಿದ್ದರೆ ಅವನಿಗೆ ಏನೂ ಇಲ್ಲ. 1945ರಲ್ಲಿ ಅಲ್ಲಿಯ ಸಂಸತ್ತು ಇದನ್ನು ಬದಲಿಸಿತು. ತಪ್ಪಿನ ಪಾಲಿಗೆ ತಕ್ಕಂತೆ ಪರಿಹಾರ ಕಡಿಮೆ ಮಾಡಬಹುದು, ಪೂರ್ತಿ ತಳ್ಳಿಹಾಕುವಂತಿಲ್ಲ ಅಂತ ಆಯಿತು. ಇದನ್ನು ವಕೀಲರು ಕಾಂಟ್ರಿಬ್ಯೂಟರಿ ನೆಗ್ಲಿಜೆನ್ಸ್ ಅನ್ನುತ್ತಾರೆ. ಈ ಪ್ರಬಂಧದ ಮಟ್ಟಿಗೆ ನಾನು ‘ಸಹನಿರ್ಲಕ್ಷ್ಯ’ ಎಂಬ ಪದ ಬಳಸುತ್ತೇನೆ.

ಭಾರತದ ಸಂಸತ್ತು 1945ರ ಆ ಕಾಯ್ದೆಯಂಥದ್ದನ್ನು ಮಾಡಲಿಲ್ಲ. ಕೋರ್ಟುಗಳೇ ಅದರ ತತ್ವವನ್ನು ಬಳಸುತ್ತ ಬಂದವು. ಆದರೆ ಕೇರಳ 1976ರಲ್ಲಿ ತನ್ನದೇ ಟಾರ್ಟ್ಸ್ ಕಾಯ್ದೆ ಮಾಡಿ, ಸಹನಿರ್ಲಕ್ಷ್ಯ ಇದ್ದಾಗ ಹೊಣೆಯನ್ನು ಪಾಲು ಮಾಡುವ ನಿಯಮವನ್ನು ಬರೆದಿಟ್ಟಿತು. ಕಾಸರಗೋಡು ಆಗ ಕಣ್ಣೂರು ಜಿಲ್ಲೆಯ ಭಾಗ, ಬೇರೆ ಜಿಲ್ಲೆಯಾದದ್ದು 1984ರಲ್ಲಿ. ಹೀಗೆ ರಾಜ್ಯ ಪುನರ್ವಿಂಗಡಣೆ ಕಾಸರಗೋಡಿನ ಕನ್ನಡಿಗರಿಗೆ ಆಡಳಿತದ ಭಾಷೆಯ ಜೊತೆಗೆ ಬೇರೆ ನಷ್ಟ ಪರಿಹಾರದ ಕಾನೂನನ್ನೂ ಕೊಟ್ಟಿತು. ಗಡಿ ಅಂದಾಗ ನಾವು ಭಾಷೆಯನ್ನು ನೆನೆಯುತ್ತೇವೆ, ಇದನ್ನು ನೆನೆಯುವುದಿಲ್ಲ.

ಈಗ ಹೆಲ್ಮೆಟ್ಟಿಗೆ ಬರೋಣ. ಬೈಕು ತನ್ನ ಪಾಡಿಗೆ ಹೋಗುತ್ತಿದೆ, ಅಡ್ಡರಸ್ತೆಯಿಂದ ಕಾರು ನುಗ್ಗಿ ಗುದ್ದಿತು ಅನ್ನಿ. ಹೆಲ್ಮೆಟ್ ಇದ್ದಿದ್ದರೂ ಕಾರು ಗುದ್ದುತ್ತಿತ್ತು. ಹಾಗಾಗಿ ಅಪಘಾತಕ್ಕೂ ಹೆಲ್ಮೆಟ್ಟಿಗೂ ಸಂಬಂಧ ಇಲ್ಲ. ಆದರೆ ತಲೆಯ ಗಾಯಕ್ಕೂ ಹೆಲ್ಮೆಟ್ಟಿಗೂ ಸಂಬಂಧ ಇರಬಹುದು. ಈ ಭೇದವನ್ನು ಸ್ಪಷ್ಟವಾಗಿ ಹೇಳಿದ್ದು ಇಂಗ್ಲೆಂಡಿನ ಕೋರ್ಟುಗಳು. ಹೆಲ್ಮೆಟ್ ಅಲ್ಲಿ ಇನ್ನೂ ಕಡ್ಡಾಯವಾಗದ ಕಾಲದ ಒಂದು ಅಪಘಾತದಲ್ಲಿ, ಓಕಾನೆಲ್ ಪ್ರಕರಣದಲ್ಲಿ, ಮೊಪೆಡ್ ಸವಾರನ ಪರಿಹಾರ ಶೇಕಡಾ 15 ಕಡಿಮೆಯಾಯಿತು. ಸೀಟ್ ಬೆಲ್ಟಿನ ಕುರಿತ ಫ್ರೂಮ್ ಪ್ರಕರಣದಲ್ಲಿ ಲಾರ್ಡ್ ಡೆನ್ನಿಂಗ್ 1975ರಲ್ಲಿ ಮೂರು ಮೆಟ್ಟಿಲು ಹಾಕಿಕೊಟ್ಟರು. ಬೆಲ್ಟ್ ಇದ್ದಿದ್ದರೆ ಗಾಯವೇ ಆಗುತ್ತಿರಲಿಲ್ಲ ಅಂತಾದರೆ ಶೇಕಡಾ 25 ಕಡಿತ, ಗಾಯ ಸಾಕಷ್ಟು ಕಡಿಮೆಯಾಗುತ್ತಿತ್ತು ಅಂತಾದರೆ 15, ಇದ್ದರೂ ಇಲ್ಲದಿದ್ದರೂ ಅಷ್ಟೇ ಗಾಯ ಅಂತಾದರೆ ಕಡಿತವೇ ಇಲ್ಲ. 1989ರ ಕ್ಯಾಪ್ಸ್ ಪ್ರಕರಣದಲ್ಲಿ ಹೆಲ್ಮೆಟ್ ತಲೆಯ ಮೇಲೆ ಇತ್ತು, ಗದ್ದದ ಪಟ್ಟಿ ಹಾಕಿರಲಿಲ್ಲ. ಅಲ್ಲಿ ಶೇಕಡಾ 10 ಕಡಿತ. ಮೂರೂ ಕಡೆ ಪ್ರಶ್ನೆ ಒಂದೇ: ಈ ಗಾಯಕ್ಕೆ ಇದರಿಂದ ಎಷ್ಟು ವ್ಯತ್ಯಾಸವಾಯಿತು?

ನಮ್ಮ ಕೋರ್ಟುಗಳಲ್ಲಿ ಮೂರು ದಾರಿ

ಅಪಘಾತ ಪರಿಹಾರಕ್ಕೆಂದೇ ಪ್ರತ್ಯೇಕ ನ್ಯಾಯಮಂಡಳಿಗಳು, ನಾವು ಬಾಯಿಮಾತಿನಲ್ಲಿ ಟ್ರಿಬ್ಯುನಲ್ ಅನ್ನುವವು, ಕಾಯ್ದೆಯಲ್ಲಿ ಬಂದದ್ದು 1956ರ ತಿದ್ದುಪಡಿಯಿಂದ. ರಾಜ್ಯಗಳ ಗಡಿ ಗೆರೆ ಎಳೆದದ್ದೂ ಅದೇ ವರ್ಷ. ಆಮೇಲಿನ ತೀರ್ಪುಗಳಲ್ಲಿ ಹೆಲ್ಮೆಟ್ ಬಗ್ಗೆ ಮೂರು ದಾರಿಗಳನ್ನು ಕಾಣಬಹುದು.

ಮೊದಲನೆಯ ದಾರಿ: ಹೆಲ್ಮೆಟ್ ಇಲ್ಲದಿರುವುದು ನಿಯಮ ಉಲ್ಲಂಘನೆ, ಅದಕ್ಕೆ ದಂಡ ಇದೆ, ಪರಿಹಾರಕ್ಕೂ ಅದಕ್ಕೂ ಗಂಟು ಹಾಕಬಾರದು. ಕರ್ನಾಟಕ ಹೈಕೋರ್ಟಿನ ದ್ವಿಸದಸ್ಯ ಪೀಠ 2024ರಲ್ಲಿ ಒಂದು ಪ್ರಕರಣದಲ್ಲಿ ಈ ಧಾಟಿಯಲ್ಲೇ ಹೇಳಿತು, ಹೆಲ್ಮೆಟ್ ಇಲ್ಲದಿದ್ದ ಗಾಯಾಳುವಿನ ಪರಿಹಾರವನ್ನು ಹೆಚ್ಚಿಸಿತು. ಎರಡನೆಯ ದಾರಿ: ಹೆಲ್ಮೆಟ್ ಇರಲಿಲ್ಲ ಅಂದಮೇಲೆ ಒಟ್ಟು ಮೊತ್ತದಲ್ಲಿ ಶೇಕಡಾ ಹತ್ತೋ ಹದಿನೈದೋ ಕಳೆಯುವುದು. ಮದ್ರಾಸ್ ಹೈಕೋರ್ಟಿನ ಕೆಲವು ತೀರ್ಪುಗಳು ಹೀಗಿವೆ. ಮೂರನೆಯ ದಾರಿ: ಗಾಯಕ್ಕೂ ಹೆಲ್ಮೆಟ್ಟಿಗೂ ಇರುವ ಸಂಬಂಧವನ್ನು ವಿಮಾ ಕಂಪನಿ ಸಾಬೀತು ಮಾಡಿದರೆ ಮಾತ್ರ ಕಡಿತ.

ಸುಪ್ರೀಂ ಕೋರ್ಟು 2020ರ ಜನವರಿಯಲ್ಲಿ ಮೊಹಮ್ಮದ್ ಸಿದ್ದೀಕ್ ಪ್ರಕರಣದಲ್ಲಿ ಕೊಟ್ಟ ತೀರ್ಪು ಇಲ್ಲಿ ಮುಖ್ಯ. ಅದು ನೇರವಾಗಿ ಹೆಲ್ಮೆಟ್ಟಿನ ಕೇಸಲ್ಲ. ಒಂದು ಬೈಕಿನಲ್ಲಿ ಮೂವರು ಇದ್ದರು, ಹಿಂದಿನಿಂದ ಕಾರು ಗುದ್ದಿತು. ಮೂವರು ಕೂತದ್ದಕ್ಕೆ ಹೈಕೋರ್ಟು ಶೇಕಡಾ 10 ಕಳೆದಿತ್ತು. ಸುಪ್ರೀಂ ಕೋರ್ಟು ಆ ಕಡಿತವನ್ನು ತೆಗೆದುಹಾಕಿತು. ನಿಯಮ ಮುರಿದದ್ದರಿಂದಲೇ ಸಹನಿರ್ಲಕ್ಷ್ಯ ಆಗುವುದಿಲ್ಲ, ಅಪಘಾತಕ್ಕೆ ಅಥವಾ ಅದರ ಪೆಟ್ಟಿನ ಪರಿಣಾಮಕ್ಕೆ ಅದು ಕಾರಣವಾಯಿತು ಅಂತ ತೋರಿಸಬೇಕು ಅಂದಿತು. ಈ ‘ಅಥವಾ’ ಕಡೆ ಗಮನ ಕೊಡಿ. ಅದರ ಮೊದಲ ಅರ್ಧ ಬೈಕ್ ಸವಾರನಿಗೆ ರಕ್ಷಣೆ. ಎರಡನೆಯ ಅರ್ಧ ವಿಮಾ ಕಂಪನಿಗೆ ಬಾಗಿಲು ತೆರೆದಿಡುತ್ತದೆ, ಯಾಕೆಂದರೆ ಹೆಲ್ಮೆಟ್ಟಿನ ಕೆಲಸವೇ ಪೆಟ್ಟಿನ ಪರಿಣಾಮ ಕಡಿಮೆ ಮಾಡುವುದು. ಆದರೆ ಆ ಬಾಗಿಲಿನಲ್ಲಿ ಒಳಗೆ ಬರಲು ಪುರಾವೆ ಬೇಕು.

ಒಂದು ಕಲ್ಪಿತ ಲೆಕ್ಕ ಹಾಕೋಣ. ಗಾಯಾಳುವಿಗೆ ಒಟ್ಟು 10 ಲಕ್ಷ ರೂಪಾಯಿ ಪರಿಹಾರ ಆಗಬೇಕು. ಅದರಲ್ಲಿ 6 ಲಕ್ಷ ಮುರಿದ ಕಾಲಿಗೆ, 4 ಲಕ್ಷ ತಲೆಯ ಗಾಯಕ್ಕೆ ಅನ್ನಿ. ಮೊದಲ ದಾರಿಯಲ್ಲಿ ಕಡಿತ ಸೊನ್ನೆ. ಎರಡನೆಯ ದಾರಿಯಲ್ಲಿ ಒಟ್ಟು ಮೊತ್ತದ ಶೇಕಡಾ 15, ಅಂದರೆ 1,50,000. ಮೂರನೆಯ ದಾರಿಯಲ್ಲಿ ತಲೆಯ ಗಾಯದ ಪಾಲಿನಲ್ಲಿ ಮಾತ್ರ ಶೇಕಡಾ 15, ಅಂದರೆ 60,000, ಅದೂ ಸಾಬೀತಾದರೆ. ಹೆಲ್ಮೆಟ್ ಕಾಲನ್ನು ಕಾಯುವುದಿಲ್ಲ. ಕಾಲು ಮುರಿದವನಿಗೆ ಹೆಲ್ಮೆಟ್ ಇರಲಿಲ್ಲ ಅಂತ ದುಡ್ಡು ಹಿಡಿಯುವುದು ದಂಡವನ್ನು ಹಿಂಬಾಗಿಲಿನಿಂದ ಇನ್ನೊಮ್ಮೆ ವಸೂಲು ಮಾಡಿದ ಹಾಗೆ. 2019ರ ತಿದ್ದುಪಡಿಯ ಪ್ರಕಾರ ಹೆಲ್ಮೆಟ್ ಇಲ್ಲದ್ದಕ್ಕೆ ದಂಡ 1,000 ರೂಪಾಯಿ, ಕೇರಳ ಸ್ಥಳದಲ್ಲೇ ಕಟ್ಟುವ ಮೊತ್ತವನ್ನು 500ಕ್ಕೆ ಇಳಿಸಿತು. ಸಾವಿರದ ತಪ್ಪಿಗೆ ಲಕ್ಷದ ದಂಡ ಆಗಬಾರದು ಅನ್ನುವುದೇ ನಾನು ಹೇಳುತ್ತಿರುವುದು.

ಕಾಯ್ದೆಯ ಒಳಗೇ ಇದಕ್ಕೆ ಬೆಂಬಲ ಇದೆ. 1982ರಲ್ಲಿ ‘ತಪ್ಪು ಯಾರದ್ದಾದರೂ ಸರಿ’ ಎಂಬ ಆಧಾರದ ಮೇಲೆ ಒಂದು ಸಣ್ಣ ಮೊತ್ತದ ಪರಿಹಾರ ಶುರುವಾಯಿತು. ಗಾಯಾಳುವಿನ ತಪ್ಪಿನ ಪಾಲು ನೋಡಿ ಆ ಮೊತ್ತವನ್ನು ಇಳಿಸಬಾರದು ಅಂತ ಕಾಯ್ದೆಯೇ ಹೇಳಿತ್ತು. ಈಗ ಅದರ ಜಾಗದಲ್ಲಿ 164ನೆಯ ಕಲಮು ಇದೆ: ಸಾವಿಗೆ 5 ಲಕ್ಷ, ತೀವ್ರ ಗಾಯಕ್ಕೆ ಎರಡೂವರೆ ಲಕ್ಷ, ತಪ್ಪು ಸಾಬೀತು ಮಾಡುವ ಅಗತ್ಯ ಇಲ್ಲ. ಇನ್ನು, ವಿಮಾ ಕಂಪನಿ ಹೊಣೆಯಿಂದ ಪೂರ್ತಿ ಕಳಚಿಕೊಳ್ಳಲು ಕಾಯ್ದೆ ಕೊಟ್ಟಿರುವ ಕಾರಣಗಳ ಪಟ್ಟಿಯಲ್ಲಿ ಲೈಸೆನ್ಸ್ ಇಲ್ಲದ ಚಾಲಕ ಇದ್ದಾನೆ, ಹೆಲ್ಮೆಟ್ ಇಲ್ಲದ ಗಾಯಾಳು ಇಲ್ಲ. ಹಾಗಾಗಿ ‘ಹೆಲ್ಮೆಟ್ ಇರಲಿಲ್ಲ, ಕ್ಲೇಮೇ ಇಲ್ಲ’ ಅನ್ನುವುದಕ್ಕೆ ಕಾನೂನಿನ ಆಧಾರ ಇಲ್ಲ.

ಗಡಿ ದಾಟುವ ಕಡತ

ಈ ಮೂರು ದಾರಿಯಲ್ಲಿ ನಮ್ಮವರ ಕೇಸು ಯಾವುದಕ್ಕೆ ಬೀಳುತ್ತದೆ ಅನ್ನುವುದರಲ್ಲಿ ಗಡಿಯ ಪಾತ್ರ ಇದೆ. 1994ಕ್ಕೆ ಮೊದಲು ಅಪಘಾತ ಎಲ್ಲಿ ಆಯಿತೋ ಅಲ್ಲಿಯ ಟ್ರಿಬ್ಯುನಲ್ಲಿಗೇ ಹೋಗಬೇಕಿತ್ತು. ಆ ವರ್ಷದ ತಿದ್ದುಪಡಿಯಿಂದ ಅರ್ಜಿದಾರ ವಾಸ ಮಾಡುವ ಅಥವಾ ದುಡಿಯುವ ಊರಿನ ಟ್ರಿಬ್ಯುನಲ್, ಎದುರು ಪಕ್ಷದವರು ವಾಸ ಮಾಡುವ ಊರಿನ ಟ್ರಿಬ್ಯುನಲ್ ಕೂಡ ಆಗುತ್ತದೆ ಅಂತಾಯಿತು. ತಾಳವಾಡಿಯವರು ಚಾಮರಾಜನಗರದಲ್ಲಿ ಬಿದ್ದರೆ ಅಲ್ಲೂ ಹಾಕಬಹುದು, ಈರೋಡು ಜಿಲ್ಲೆಯಲ್ಲೂ ಹಾಕಬಹುದು. ಒಂದು ಕಡೆ ಕರ್ನಾಟಕ ಹೈಕೋರ್ಟಿನ ನಡೆ, ಇನ್ನೊಂದು ಕಡೆ ಮದ್ರಾಸ್ ಹೈಕೋರ್ಟಿನ ನಡೆ. ಎಲ್ಲಿ ಹಾಕಬೇಕು ಅನ್ನುವ ನಿರ್ಧಾರ ಬಸ್ಸಿನ ಅನುಕೂಲಕ್ಕಿಂತ ದೊಡ್ಡದು ಅಂತ ಗಾಯಾಳುವಿಗೆ ಯಾರಾದರೂ ಹೇಳಬೇಕಲ್ಲ?

ಎರಡನೆಯದು ಭಾಷೆ. ಕಾಸರಗೋಡಿನ ಒಬ್ಬ ಕನ್ನಡಿಗ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಬಿದ್ದ ಅಂತ ಭಾವಿಸಿ. ಎಫ್‌ಐಆರ್, ಸ್ಥಳದ ಮಹಜರು ಮಲಯಾಳದಲ್ಲಿ. ಚಿಕಿತ್ಸೆ ಮಂಗಳೂರಿನಲ್ಲಿ ಆದರೆ ಗಾಯದ ಸರ್ಟಿಫಿಕೇಟು, ಡಿಸ್ಚಾರ್ಜ್ ಚೀಟಿ ಇಂಗ್ಲಿಷಿನಲ್ಲಿ. ಹೇಳಿಕೆ ಕೊಟ್ಟದ್ದು ಕನ್ನಡದಲ್ಲೋ ತುಳುವಿನಲ್ಲೋ. ಕೇರಳದ 1969ರ ಆಡಳಿತ ಭಾಷಾ ಕಾಯ್ದೆ ಕನ್ನಡ, ತಮಿಳು ಅಲ್ಪಸಂಖ್ಯಾತರಿಗೆ ತಮ್ಮ ಭಾಷೆಯಲ್ಲಿ ಸರಕಾರದ ಜೊತೆ ಪತ್ರ ವ್ಯವಹಾರ ಮಾಡುವ ಹಕ್ಕು ಕೊಟ್ಟಿದೆ. ಆದರೆ ಆಸ್ಪತ್ರೆಯ ಬಾಗಿಲಲ್ಲಿ ಆಡುವ ಮಾತು ಪತ್ರ ವ್ಯವಹಾರವಲ್ಲ.

ಇಲ್ಲಿ ವ್ಯಾಕರಣದ ಒಂದು ವಿಷಯ ಹೇಳಬೇಕು. ಗಾಯಾಳುವಿಗೆ ಪ್ರಜ್ಞೆ ಇಲ್ಲ. ಜೊತೆಗೆ ಬಂದ ಭಾವನೋ ನೆರೆಮನೆಯವನೋ ಅಪಘಾತ ನೋಡಿಲ್ಲ, ರಸ್ತೆಯಲ್ಲಿ ಯಾರೋ ಹೇಳಿದ್ದನ್ನು ಹೇಳುತ್ತಾನೆ: ‘ಹೆಲ್ಮೆಟ್ ಇರಲಿಲ್ಲವಂತೆ.’ ಕನ್ನಡದಲ್ಲಿ ಈ ‘ಅಂತೆ’ ಸಣ್ಣ ಪ್ರತ್ಯಯ, ಆದರೆ ದೊಡ್ಡ ಸಾಕ್ಷಿ. ಇದು ನಾನು ಕಂಡದ್ದಲ್ಲ, ಕೇಳಿದ್ದು ಅಂತ ಅದು ಹೇಳುತ್ತದೆ. ಮಲಯಾಳದಲ್ಲಿ ‘ಅತ್ರೇ’ ಎಂಬುದು ಇದೇ ಕೆಲಸ ಮಾಡುತ್ತದೆ. ಇಂಗ್ಲಿಷಿನ ಒಂದು ಸಾಲಿನ ಟಿಪ್ಪಣಿಗೆ ಬರುವಾಗ ಆ ‘ಅಂತೆ’ ಬಿದ್ದುಹೋಗುವುದು ಸುಲಭ. ‘ಇರಲಿಲ್ಲವಂತೆ’ ಹೋಗಿ ‘ಧರಿಸಿರಲಿಲ್ಲ’ ಆಗುತ್ತದೆ. ಕೇಳಿದ ಮಾತು ಕಂಡ ಸಂಗತಿಯಾಗುತ್ತದೆ. ವರ್ಷಗಳ ನಂತರ ಪಾಟೀಸವಾಲಿನಲ್ಲಿ ವಿಮಾ ಕಂಪನಿಯ ವಕೀಲರು ಕೈಗೆತ್ತಿಕೊಳ್ಳುವುದು ಆ ಎರಡನೆಯ ರೂಪವನ್ನೇ. ಆ ಸಾಲು ಅಲ್ಲಿದೆ ಅಂತ ಗಾಯಾಳುವಿಗೆ ಆವತ್ತು ಮೊದಲ ಸಲ ಗೊತ್ತಾದರೆ ಅವನು ಏನು ಉತ್ತರ ಕೊಟ್ಟಾನು?

ಮೂರನೆಯದು ಲೋಕ ಅದಾಲತ್. ಅಪಘಾತದ ಕೇಸುಗಳು ಅಲ್ಲಿ ರಾಜಿಯಲ್ಲಿ ಮುಗಿಯುವುದುಂಟು. ಬೇಗ ದುಡ್ಡು ಸಿಗುತ್ತದೆ ಅನ್ನುವುದು ಒಳ್ಳೆಯದೇ. ಆದರೆ ರಾಜಿಯ ಮೊತ್ತದಲ್ಲಿ ಹೆಲ್ಮೆಟ್ಟಿಗೆ ಎಷ್ಟು ಹೋಯಿತು ಅಂತ ಯಾರೂ ಬರೆದಿಡುವುದಿಲ್ಲ, ಆ ಅವಾರ್ಡಿನ ಮೇಲೆ ಅಪೀಲೂ ಇಲ್ಲ. ಚರಿತ್ರೆ ಬರೆಯುವವರಿಗೆ ಇದು ತೊಡಕು. ನಾನು ಮೇಲೆ ಹೇಳಿದ್ದೆಲ್ಲ ಬರಹದಲ್ಲಿ ಉಳಿದ ತೀರ್ಪುಗಳ ಚರಿತ್ರೆ. ‘ಹೆಲ್ಮೆಟ್ ಇರಲಿಲ್ಲವಲ್ಲ ಅಣ್ಣ, ಇಷ್ಟಕ್ಕೆ ಒಪ್ಪಿಕೊಳ್ಳಿ’ ಅಂತ ಮೇಜಿನ ಆಚೆಯಿಂದ ಬರುವ ಮಾತು ಯಾವ ವರದಿಯಲ್ಲೂ ದಾಖಲಾಗುವುದಿಲ್ಲ.

ಈಚೆಗೆ ಹೊಸ ಸಾಕ್ಷಿಯೊಂದು ಬಂದಿದೆ. ಕೇರಳ 2023ರ ಜೂನ್‌ನಲ್ಲಿ 726 ಕ್ಯಾಮೆರಾಗಳ ಜಾಲವನ್ನು ರಸ್ತೆ ನಿಯಮ ಜಾರಿಗೆ ಬಳಸಲು ಶುರು ಮಾಡಿತು. ಕ್ಯಾಮೆರಾಕ್ಕೆ ‘ಅಂತೆ’ ಇಲ್ಲ, ಕಂಡದ್ದು ಮಾತ್ರ. ಹೆಲ್ಮೆಟ್ ಇರಲಿಲ್ಲ ಅಂತ ತೋರಿಸುವ ಚಿತ್ರವೇ ಹೆಲ್ಮೆಟ್ ಇತ್ತು ಅಂತಲೂ ತೋರಿಸಬಹುದು. ಆದರೂ ಗಾಯ ಎಲ್ಲಿ ಆಯಿತು, ಹೆಲ್ಮೆಟ್ಟಿನಿಂದ ತಪ್ಪುತ್ತಿತ್ತಾ ಅನ್ನುವ ಮೂರನೆಯ ಲೆಕ್ಕಕ್ಕೆ ಕ್ಯಾಮೆರಾ ಉತ್ತರ ಕೊಡಲಾರದು. ಅದಕ್ಕೆ ವೈದ್ಯರ ಬರಹವೇ ಬೇಕು.

ನಾವು ಮಾಡಬಹುದಾದದ್ದು

ಇದರಲ್ಲಿ ಕನ್ನಡ ವಿದ್ಯಾರ್ಥಿಗಳಿಗೆ ಕೆಲಸ ಇದೆ. ಒಂದು: ಎಫ್‌ಐಆರ್ ಪ್ರತಿಯನ್ನು ದೂರುದಾರರಿಗೆ ಉಚಿತವಾಗಿ ಕೊಡಬೇಕು ಅಂತ ಕಾನೂನು ಹೇಳುತ್ತದೆ, ಹೊಸ ನಾಗರಿಕ ಸುರಕ್ಷಾ ಸಂಹಿತೆ ಅದನ್ನು ಸಂತ್ರಸ್ತರಿಗೂ ವಿಸ್ತರಿಸಿದೆ. ಅದನ್ನು ತಂದು ಮನೆಯವರಿಗೆ ಅವರ ಭಾಷೆಯಲ್ಲಿ ಓದಿ ಹೇಳುವುದು ಮಲಯಾಳ, ತಮಿಳು, ತೆಲುಗು ಬಲ್ಲ ಗಡಿನಾಡಿನ ಹುಡುಗ ಹುಡುಗಿಯರಿಗೆ ಕಷ್ಟವಲ್ಲ. ತಪ್ಪು ಸಾಲು ಇದ್ದರೆ ಬೇಗ ಆಕ್ಷೇಪ ಹಾಕಬಹುದು. ಬೇಗ ಅನ್ನುವುದಕ್ಕೆ ಕಾರಣ ಇದೆ. ಅರ್ಜಿಗೆ ಆರು ತಿಂಗಳ ಗಡುವು ಎಂಬ ತಿದ್ದುಪಡಿ 2022ರ ಏಪ್ರಿಲ್ 1ರಿಂದ ಜಾರಿಗೆ ಬಂದಿದೆ. ಅದನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಿದ್ದಾರೆ, ಆದರೆ ಅದನ್ನು ನಂಬಿ ಕೂರುವುದು ಬೇಡ.

ಎರಡು: ಆಸ್ಪತ್ರೆಯಲ್ಲಿ ಮಾತಾಡುವಾಗ ಕಂಡದ್ದನ್ನು ಕಂಡದ್ದು ಅಂತ, ಕೇಳಿದ್ದನ್ನು ಕೇಳಿದ್ದು ಅಂತ ಹೇಳಿ, ಹಾಗೇ ಬರೆಯಿರಿ ಅಂತ ಕೇಳಿಕೊಳ್ಳುವುದು. ಹೆಲ್ಮೆಟ್ ಇದ್ದರೆ, ಒಡೆದಿದ್ದರೂ, ಅದನ್ನು ಎಸೆಯದೆ ಇಟ್ಟುಕೊಳ್ಳುವುದು. ಮೂರು: ಪರಿಹಾರದ ಕಡತದಲ್ಲಿ ಬರುವ ಪದಗಳಿಗೆ ನಾಲ್ಕು ಭಾಷೆಯ ಒಂದು ಸಣ್ಣ ಪದಕೋಶ ಮಾಡುವುದು. ನಾನು ‘ಸಹನಿರ್ಲಕ್ಷ್ಯ’ ಅಂದೆ. ಮಂಜೇಶ್ವರದ ಒಬ್ಬ ಬೀಡಿ ಕಟ್ಟುವ ಅಕ್ಕನಿಗೆ ಇದು ಅರ್ಥವಾಗುತ್ತದಾ? ‘ನಿಮ್ಮದೂ ತಪ್ಪಿನ ಪಾಲು’ ಅಂದರೆ ಅರ್ಥವಾಗುತ್ತದೆ. ಎಷ್ಟು ಪಾಲು, ಯಾವ ಗಾಯಕ್ಕೆ, ಯಾರು ಸಾಬೀತು ಮಾಡಿದರು ಅಂತ ಆ ಅಕ್ಕ ಕೇಳುವ ಹಾಗಾದರೆ ಆ ಪದಕೋಶದ ಕೆಲಸ ಆಯಿತು.

ಪದಕೋಶಕ್ಕೆ ಕೈ ಜೋಡಿಸುವವರು, ನಿಮ್ಮ ನಿಮ್ಮ ಕಡೆ ಈ ಪದಗಳಿಗೆ ಏನಂತಾರೆ ಅನ್ನುವುದನ್ನು ಈಗಲೇ ಹೇಳಬಹುದು. ತಾಳವಾಡಿ, ಮಡಕಶಿರಾ ಕಡೆಯವರಿಂದ ಶುರು ಮಾಡೋಣ.